ಒಂದೇ ಬಂಡೆಯ ಜೋಡಿ

ಉಳಿ ಕಲ್ಲಿಗೆ ಬಡಿದಾಗ ಒಂದು ವಾಸನೆ ಏಳುತ್ತದೆ. ಸುಟ್ಟ ವಾಸನೆ ಎನ್ನಲಾಗದು, ಮಣ್ಣಿನ ವಾಸನೆ ಎನ್ನಲೂ ಆಗದು. ಮೂಗಿಗೆ ಸ್ವಲ್ಪ ಖಾರವಾಗಿ ತಾಗಿ, ಏನು ಎಂದು ಗುರುತು ಹಿಡಿಯುವಷ್ಟರಲ್ಲಿ ಹೋಗಿಬಿಡುತ್ತದೆ. ಕಳೆದ ವಾರ ಅಣ್ಣನ ಮಗಳು ರೇಖಾಳ ಮದುವೆಗೆಂದು ಊರಿಗೆ ಹೋದಾಗ ಅಂಗಳದಲ್ಲಿ ಕಾಲಿಡುತ್ತಲೇ ಆ ವಾಸನೆ ಬಂತು. ಕಲ್ಲು ಕೆಲಸದ ಹುಲಿಗೆಪ್ಪನ ಸೊಸೆ ನಮ್ಮ ಮನೆಯ ಬೀಸುವ ಕಲ್ಲನ್ನು ಬಿಚ್ಚಿಟ್ಟುಕೊಂಡು, ಸವೆದು ನುಣ್ಣಗಾದ ಮೈಗೆ ಉಳಿಯಿಂದ ಚುಚ್ಚಿ ಚುಚ್ಚಿ ಮುಳ್ಳು ಎಬ್ಬಿಸುತ್ತಿದ್ದಳು. ನಾನು ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಡುವುದನ್ನೂ ಮರೆತು ನಿಂತೆ. ಹನ್ನೆರಡು ವರ್ಷದ ಹಿಂದಿನ ಒಂದು ಚಳಿಗಾಲ, ನನ್ನ ಮದುವೆಯ ಚಳಿಗಾಲ, ಇದ್ದಕ್ಕಿದ್ದಂತೆ ಎದುರಿಗೆ ಬಂದು ಕೂತಿತು.

ನಮ್ಮೂರು ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಿಂದ ಒಳಗಿದೆ. ನಾನು ಆಗ ಕುಷ್ಟಗಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನದ ಟೀಚರ್ ಆಗಿ ಸೇರಿ ಎರಡನೇ ವರ್ಷ. ಮನೆಯಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಹಂದರ ಹಾಕುವುದು ಎಂದು ಹಿರಿಯರು ಮಾತಾಡಿಕೊಂಡಿದ್ದರು. ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು, ಕಡಲೆ ಹೂ ಬಿಟ್ಟಿತ್ತು. ಮುಂಜಾನೆ ಬಸ್ಸಿಗೆ ಕಾಯುವಾಗ ಬಾಯಿಂದ ಹೊಗೆ ಬರುವಷ್ಟು ಚಳಿ. ನನಗಂತೂ ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿ. ಖುಷಿಯ ಜೊತೆಗೆ ಸ್ವಲ್ಪ ಸೊಕ್ಕೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಕಡೆ ಮದುವೆ ಶುರುವಾಗುವುದು ಬೀಸುವ ಕಲ್ಲಿನಿಂದ. ಕಲ್ಲನ್ನು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಪೂಜೆ ಮಾಡಿ ಐದು ಜನ ಮುತ್ತೈದೆಯರು ಅರಿಶಿಣದ ಕೊಂಬು ಬೀಸುತ್ತಾರೆ. ಆ ಅರಿಶಿಣ ಬೀಳದ ಹೊರತು ಹಂದರದ ಗಳ ನೆಡುವಂತಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಕೊಂಡಿತ್ತು. ಬೀಸುವ ಮುಂಚೆ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕಲ್ಲಿನ ಎದುರಿಗೆ ಕುಳಿತು ಅದರ ಕತೆ ಹೇಳಬೇಕು. ಅಜ್ಜ ಹೋದ ಮೇಲೆ ಆಯಿ ಶಾಸ್ತ್ರದ ದಿನ ಕಲ್ಲಿನ ಗೂಟ ಮುಟ್ಟುತ್ತಿರಲಿಲ್ಲ. ಆದರೆ ಅವಳ ಕತೆ ಆಗದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಕತೆ ಚಿಕ್ಕದು. ಆ ಬೀಸುವ ಕಲ್ಲು ಆಯಿಗೆ ತವರಿನಿಂದ ಬಂದದ್ದು. ತವರು ಗಂಗಾವತಿ ಕಡೆ, ಗುಡ್ಡವೆಲ್ಲ ಗುಂಡುಗಲ್ಲು ಪೇರಿಸಿಟ್ಟಂತೆ ಇರುವ ಸೀಮೆ. ಅವಳ ಅಪ್ಪ ಒಂದೇ ಬಂಡೆಯನ್ನು ಸೀಳಿಸಿ, ಅದರ ಒಂದು ಹೋಳಿನಿಂದ ಕೆಳಗಿನ ಕಲ್ಲನ್ನೂ ಇನ್ನೊಂದು ಹೋಳಿನಿಂದ ಮೇಲಿನ ಕಲ್ಲನ್ನೂ ಕಡೆಸಿದ್ದ. "ಒಂದ ಬಂಡಿಗಲ್ಲಿನ ಜೋಡಿ ಇದು. ನೀವೂ ಹಿಂಗ ಇರ್ರಿ," ಎಂದು ಆಯಿ ಮುಗಿಸಿದ ಮೇಲೆ ಹೆಂಗಸರು ಗೂಟ ಹಿಡಿಯುವರು. ನಮ್ಮ ಓಣಿಯ ಎಷ್ಟೋ ಮದುಮಕ್ಕಳು ಈ ಮಾತು ಕೇಳಿಸಿಕೊಂಡೇ ಅರಿಶಿಣ ಹಚ್ಚಿಸಿಕೊಂಡವರು.

ಆ ವರ್ಷ ಶಾಲೆಯಲ್ಲಿ ಸಮಾಜ ವಿಷಯದ ಮಾಸ್ತರರ ಹುದ್ದೆ ಖಾಲಿ ಇತ್ತು. ಶಿಲೆಗಳ ಪಾಠ ನನ್ನ ಪಾಲಿಗೆ ಬಂತು, ಆಮೇಲೆ ನನ್ನ ಬಳಿಯೇ ಉಳಿಯಿತು. ಅಗ್ನಿಶಿಲೆ ಎಂದರೆ ನೆಲದಾಳದಲ್ಲಿ ಕರಗಿ ಕುದಿಯುತ್ತಿದ್ದ ಶಿಲಾಪಾಕ ತಣಿದು ಗಟ್ಟಿಯಾದದ್ದು, ಉದಾಹರಣೆಗೆ ಗ್ರಾನೈಟ್. ರೂಪಾಂತರ ಶಿಲೆ ಎಂದರೆ ಮೊದಲೇ ಇದ್ದ ಕಲ್ಲು ಭೂಮಿಯೊಳಗೆ ಹೂತುಹೋಗಿ, ಕರಗದೆ, ಶಾಖಕ್ಕೂ ಭಾರಕ್ಕೂ ಸಿಕ್ಕಿ ಬೇರೆಯೇ ಆದದ್ದು, ಉದಾಹರಣೆಗೆ ನೈಸ್. ತಮಾಷೆಯೆಂದರೆ ಎರಡರೊಳಗೂ ಇರುವ ಸಾಮಾನು ಹೆಚ್ಚುಕಡಿಮೆ ಒಂದೇ. ಗ್ರಾನೈಟಿನಲ್ಲಿ ಬಿಳಿ, ಕರಿ, ಗುಲಾಬಿ ಹರಳುಗಳು ಮಂಡಕ್ಕಿ ಒಗ್ಗರಣೆಯ ಹಾಗೆ ಎಲ್ಲೆಂದರಲ್ಲಿ ಚೆಲ್ಲಿಕೊಂಡಿರುತ್ತವೆ. ನೈಸ್‌ನಲ್ಲಿ ಅದೇ ಹರಳುಗಳು ಒತ್ತಡಕ್ಕೆ ಸಾಲು ಹಿಡಿದು ಪಟ್ಟೆಪಟ್ಟೆಯಾಗಿ ಕೂತಿರುತ್ತವೆ. ಇಷ್ಟನ್ನು ನಾನು ಬೋರ್ಡಿನ ಮೇಲೆ ಎರಡು ಚಿತ್ರ ಬರೆದು ಹೇಳಿದೆ. ಮಕ್ಕಳು ಚಿತ್ರ ನೋಡಿದರು, ನನ್ನ ಮುಖ ನೋಡಿದರು, ಒಗ್ಗರಣೆ ಎಂಬ ಮಾತೊಂದೇ ಅವರಿಗೆ ತಲುಪಿದ ಹಾಗಿತ್ತು.

ಮನೆಯಿಂದ ಕಲ್ಲು ತನ್ನಿ ಎಂದೆ. ತಂದರು. ಎಲ್ಲವೂ ಗ್ರಾನೈಟೇ. ಒಬ್ಬ ಕಾಂಕ್ರೀಟಿನ ತುಂಡು ತಂದಿದ್ದ. ಇನ್ನೊಬ್ಬ ತಂದ ಕಲ್ಲುಸಕ್ಕರೆ ಪಾಠ ಮುಗಿಯುವುದರೊಳಗೆ ನಾಲ್ಕು ಬಾಯಿಗಳಲ್ಲಿ ಹಂಚಿಹೋಗಿತ್ತು. ಆ ಹುರುಪಿನಲ್ಲಿ ನಾನು ಒಂದು ಮಾತು ಕೊಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಗಂಗಾವತಿ ಬಂಡೆಯ ಬೀಸುವ ಕಲ್ಲಿದೆ, ನಾಳೆ ಅದರ ಚೂರು ತಂದು ತೋರಿಸುತ್ತೇನೆ, ಒಡೆದ ಹೊಸ ಮುಖದಲ್ಲಿ ಹರಳು ಹೇಗೆ ಹೊಳೆಯುತ್ತವೆ ನೋಡುವಿರಂತೆ ಎಂದೆ. ಹಾಗೆ ನೋಡಿದರೆ ಆ ಕಲ್ಲು ಎಣ್ಣೆ, ಹಿಟ್ಟು, ಅರಿಶಿಣ ಕುಡಿದು ಕುಡಿದು ಕಪ್ಪಗೆ ಮಿರುಗುತ್ತಿತ್ತು. ಅದರ ಒಳಮೈಯನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಗಂಗಾವತಿ ಕಡೆಯದು ಅಂದಮೇಲೆ ಗ್ರಾನೈಟ್ ಅಲ್ಲದೆ ಇನ್ನೇನು ಎಂಬ ಧೈರ್ಯ.

ಆ ಸಂಜೆ ಅಂಗಳದಲ್ಲಿ ಮೇಲಿನ ಕಲ್ಲನ್ನು ತೆಗೆದು ಬೋರಲು ಹಾಕಿದೆ. ಗೂಟ ಸಿಗಿಸುವ ತೂತಿನ ಪಕ್ಕದಲ್ಲಿ ಅಂಚು ಮೊದಲೇ ಸ್ವಲ್ಪ ಮುಕ್ಕಾಗಿತ್ತು. ಅಲ್ಲಿಂದ ಒಂದು ಚಕ್ಕೆ ಎಬ್ಬಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಗ್ರಾನೈಟು ಗಟ್ಟಿ, ಏನೂ ಆಗುವುದಿಲ್ಲ. ಅಣ್ಣನ ಸುತ್ತಿಗೆಯಿಂದ ಎರಡು ಸಲ ಮೆಲ್ಲಗೆ ಹೊಡೆದೆ. ಅಲುಗಲಿಲ್ಲ. ಮೂರನೆಯದನ್ನು ಸ್ವಲ್ಪ ಮನಸ್ಸಿಟ್ಟು ಹೊಡೆದೆ.

ಕಲ್ಲು ಎರಡು ಹೋಳಾಯಿತು. ಗೂಟದ ತೂತಿನ ಅರ್ಧವನ್ನು ಹೊತ್ತುಕೊಂಡ ಅಂಗೈಯಗಲದ ಚಕ್ಕೆಯೊಂದು ಸಿಡಿದು ನನ್ನ ಕಾಲ ಬಳಿ ಬಿತ್ತು. ಎತ್ತಿ ನೋಡಿದರೆ ಒಳಗೆ ಪಟ್ಟೆಗಳು. ಬಿಳಿ ಪಟ್ಟೆ, ಕರಿ ಪಟ್ಟೆ, ನಡುವೆ ಕಾಗೆಬಂಗಾರದ ಮಿಣಿಮಿಣಿ ಪದರ. ಕಲ್ಲು ಬಿರಿದದ್ದು ಸರಿಯಾಗಿ ಆ ಪದರದ ಗುಂಟ. ನೈಸ್. ಪುಸ್ತಕದ ಚಿತ್ರಕ್ಕಿಂತ ಚೆಂದದ ನೈಸ್. ದೇವರಾಣೆ ಹೇಳುತ್ತೇನೆ, ಒಂದು ಕ್ಷಣ ನನಗೆ ಸಂತೋಷವೇ ಆಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಆಯಿ ನಿಂತಿದ್ದಳು.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಬಂದು ಎರಡೂ ಹೋಳುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಒಳಗೆ ಹೋಗಿ, ತನ್ನ ಮಂಚದ ಕೆಳಗೆ ತಳ್ಳಿ ಮೇಲೆ ಗೋಣಿಚೀಲ ಮುಚ್ಚಿದಳು. ಅವ್ವ ಬಂದು ನೋಡುತ್ತೇನೆ ಎಂದರೂ ಬಿಡಲಿಲ್ಲ. "ಒಡದದ್ದನ್ನ ಏನ್ ನೋಡ್ತಿ? ಹೊಸಾ ಜೋಡಿ ತರಸ್ರಿ. ನಾ ಮಾತ್ರ ಕಲ್ಲಿನ ಮುಂದ ಕೂಡಂಗಿಲ್ಲ," ಎಂದಳು. ಅಷ್ಟೇ. ಅಂದಿನಿಂದ ನನ್ನ ಜೊತೆ ಮಾತು ಬಂದ್.

ಎಳ್ಳಮಾಸಿ ಬಂತು. ಸಜ್ಜಿ ರೊಟ್ಟಿ, ಕಾಳುಪಲ್ಲೆ, ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಬೆಳೆಗೆ ನೈವೇದ್ಯವೆಂದು ಚರಗ ಚೆಲ್ಲುವಾಗ ಪ್ರತಿ ವರ್ಷ ಆಯಿ ನನ್ನನ್ನೇ ಜೊತೆಗೆ ಕರೆಯುತ್ತಿದ್ದಳು, ಆ ವರ್ಷ ಒಬ್ಬಳೇ ಜೋಳದ ಸಾಲಿನೊಳಗೆ ಹೋದಳು. ನನಗೆ ಊಟ ಸೇರಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳು, ನೌಕರಿ ಸಿಕ್ಕಾಗ ಓಣಿಗೆಲ್ಲ ಸಕ್ಕರೆ ಹಂಚಿದವಳು, ನನ್ನ ಮದುವೆಯ ಅರಿಶಿಣಕ್ಕೆ ಕೂಡುವುದಿಲ್ಲ ಎಂದರೆ ಅದು ಎಂಥ ಮದುವೆ? ಫೋನಿನಲ್ಲಿ ಗಿಣಿಗೇರಾದ ಹುಡುಗನ ಮುಂದೆ ಅತ್ತೆ. ಅವನು ಎಲ್ಲ ಕೇಳಿ, "ನೀ ಕಲ್ಲು ಒಡಿ, ನಾ ಇಲ್ಲಿ ಕರಗಸ್ತೀನಿ. ಹೆಂಗೋ ಸಂಸಾರ ನಡೀತೈತಿ ಬಿಡು," ಎಂದ. ಸಿಟ್ಟು ಬಂತು, ನಗುವೂ ಬಂತು.

ಕೊನೆಗೆ ಅವ್ವನೇ ತೀರ್ಮಾನ ಮಾಡಿದಳು. ತವರಿನ ಕಲ್ಲು ಬಿಟ್ಟು ಪೂರ್ತಿ ಹೊಸದೇಕೆ, ಕೆಳಗಿನ ಕಲ್ಲು ಗಟ್ಟಿಯಾಗೇ ಇದೆ, ಅದಕ್ಕೆ ಒಪ್ಪುವ ಮೇಲಿನ ಕಲ್ಲನ್ನು ಮಾಡಿಸಿ ಎಂದಳು. ನನಗೆ ಇದೇ ಸರಿ ಎನಿಸಿತು. ಮೇಲಿನದು ನೈಸ್ ಅಂದಮೇಲೆ, ಒಂದೇ ಬಂಡೆಯ ಜೋಡಿಯಾದ್ದರಿಂದ ಕೆಳಗಿನದೂ ನೈಸೇ. ಅಂಥದೇ ಪಟ್ಟೆಯ ಕಲ್ಲು ಹುಡುಕಿ ಕಡೆಸಿದರೆ ಆಯಿ ಹೇಳುವ ಜೋಡಿಗೆ ಹತ್ತಿರವಾದರೂ ಆಗುತ್ತದೆ. ಒಂದು ರವಿವಾರ ಅಣ್ಣ ಟ್ರ್ಯಾಕ್ಟರಿನ ಟ್ರೇಲರಿಗೆ ಕೆಳಗಿನ ಕಲ್ಲನ್ನು ಹೇರಿದ. ನಾನು ಆ ಚಕ್ಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹತ್ತಿದೆ. ಇನ್ನೇನು ಹೊರಡಬೇಕು, ಆಯಿ ಶಾಲು ಹೊದ್ದು ಬಂದು, ಒಂದು ಮಾತೂ ಆಡದೆ ಟ್ರೇಲರ್ ಹತ್ತಿ ಕಲ್ಲಿನ ಆಚೆ ಬದಿಗೆ ಕುಳಿತಳು.

ಹುಲಿಗೆಪ್ಪನ ಕಲ್ಲು ಕಡೆಯುವ ಜಾಗ ಕುಷ್ಟಗಿ ದಾರಿಯ ಪಕ್ಕದಲ್ಲಿ, ಒಂದು ಬೇವಿನ ಮರದ ಕೆಳಗೆ. ಅವನಿಗೆ ಆಗಲೇ ಅರವತ್ತು ದಾಟಿತ್ತು. ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ. ಕಲ್ಲು ಇಳಿಸಿಕೊಟ್ಟ ಅಣ್ಣ ಡೀಸೆಲ್ ಹಾಕಿಸಿಕೊಂಡು ಬರುತ್ತೇನೆ ಎಂದು ಹೋದ. ನಾನು ಚಕ್ಕೆ ತೋರಿಸಿ, ಇಂಥದೇ ಕಲ್ಲಿನಲ್ಲಿ ಮೇಲಿನದು ಆಗಬೇಕು, ಕೆಳಗಿನದಕ್ಕೆ ಜೋಡಿಯಾಗಬೇಕು ಎಂದೆ.

ಹುಲಿಗೆಪ್ಪ ಚಕ್ಕೆಯನ್ನು ತಿರುಗಿಸಿ ನೋಡಿದ. ಕೆಳಗಿನ ಕಲ್ಲಿನ ಮಗ್ಗುಲಿಗೆ ಒಂದು ತಂಬಿಗೆ ನೀರು ಸುರಿದು, ಇಟ್ಟಿಗೆ ಚೂರಿನಿಂದ ಗಸಗಸ ಉಜ್ಜಿದ. ಸುತ್ತಿಗೆಯ ಹಿಡಿಕೆಯಿಂದ ನಾಲ್ಕು ಕಡೆ ತಟ್ಟಿ ಕಿವಿಗೊಟ್ಟ.

"ಟೀಚರ್, ಇದು ಚುಕ್ಕಿ ಕಲ್ಲರಿ. ನೀವು ತಂದ ಚಕ್ಕಿ ಪಟ್ಟಿ ಕಲ್ಲಿಂದು. ಇವೆರಡು ಜೋಡಿ ಹೆಂಗ ಆಗ್ತಾವ?"

ಬಗ್ಗಿ ನೋಡಿದೆ. ನೀರು ಕುಡಿದ ಜಾಗದಲ್ಲಿ ಗುಲಾಬಿ, ಬಿಳಿ, ಕರಿ ಚುಕ್ಕೆಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿದ್ದವು. ಒಂದು ಸಾಲೂ ಇಲ್ಲ. ಅಪ್ಪಟ ಗ್ರಾನೈಟ್.

"ಎರಡೂ ಒಂದ ಬಂಡಿಗಲ್ಲಿನವು," ಎಂದೆ. "ಒಂದೊಂದು ಬಂಡ್ಯಾಗ ಎರಡೂ ನಮೂನಿ ಕೂಡಿ ಇರ್ತಾವಲ್ಲ."

"ಇರ್ತಾವ್ರಿ, ನಾ ಇಲ್ಲ ಅನ್ನಂಗಿಲ್ಲ. ಪಟ್ಟಿ ಕಲ್ಲಿಗೆ ಹಾದಿ ಕಣ್ಣಿಗೆ ಕಾಣತೈತಿ, ಆ ಹಾದಿ ಹಿಡದು ಸೀಳತೈತಿ. ಚುಕ್ಕಿ ಕಲ್ಲಿಗೂ ಹಾದಿ ಐತ್ರಿ, ಆದ್ರ ಅದು ಕೈಗೆ ಅಷ್ಟ ಗೊತ್ತಾಗೂದು. ಆದ್ರ ಈ ಚುಕ್ಕಿ ಗಂಗಾವತಿ ಸೀಮಿದು, ಈ ಪಟ್ಟಿ ಇಲ್ಲೇ ನಮ್ಮ ಕಡೇದು." ಅವನು ಚಕ್ಕೆಯಲ್ಲಿದ್ದ ಅರ್ಧ ತೂತಿನೊಳಗೆ ಬೆರಳಿಟ್ಟ. "ಈ ತೂತಿನ ಅಂಚಿಗೆ ಒಂದು ಕಚ್ಚು ಐತಿ ನೋಡ್ರಿ, ಗೂಟ ತಿರಗಬಾರದಂತ ಹಾಕೂದು. ಇದನ್ನ ನಮ್ಮಪ್ಪ ಒಬ್ಬಾಂವ ಹಾಕ್ತಿದ್ದ. ಮ್ಯಾಲಿನ ಕಲ್ಲು ನಮ್ಮಪ್ಪನ ಕೈಯಂದು. ಕೆಳಗಿಂದು ನಮ್ಮದಲ್ಲ."

ನಾನು ಆಯಿಯ ಕಡೆ ತಿರುಗಿದೆ. ಅವಳು ಬೇವಿನ ಎಲೆಗಳ ಮೇಲೆ ಕೂತ ಧೂಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಹುಲಿಗೆಪ್ಪ, ಕುಡಿಯಾಕ ನೀರ ತಾರಪಾ," ಎಂದಳು. ಅವನು ಕೊಡದ ಕಡೆ ಹೋಗುತ್ತಲೇ ನನ್ನನ್ನು ಹತ್ತಿರ ಕರೆದು ಪಕ್ಕದ ಕಲ್ಲಿನ ಮೇಲೆ ಕೂಡಿಸಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಕೈ ನನ್ನ ಕೈ ಮೇಲೆ ಬಿತ್ತು.

"ನೀ ಒಡದದ್ದು ಎರಡನೇದವಾ," ಎಂದಳು. "ಮದಲನೇದನ್ನ ನಾ ಒಡದೀನಿ."

ಮದುವೆಯಾಗಿ ಎಂಟು ತಿಂಗಳಾಗಿತ್ತಂತೆ. ಅತ್ತೆ ಹೊಲಕ್ಕೆ ಹೋಗಿದ್ದಳು. ಇವಳು ಜೋಳ ಬೀಸಿ, ಕಲ್ಲು ಒರೆಸಲೆಂದು ಮೇಲಿನದನ್ನು ಒಬ್ಬಳೇ ಎತ್ತಿ ಗೋಡೆಗೆ ಆನಿಸಹೋದಳು. ಕೈ ಜಾರಿತು. ಹೊಸ್ತಿಲ ಕಲ್ಲಿಗೆ ಬಡಿದು ಮೂರು ಚೂರು.

"ತವರಿಂದ ತಂದ ಕಲ್ಲು. ನಮ್ಮತ್ತಿ ಅದನ್ನ ಓಣಿಗೆಲ್ಲಾ ಹೇಳಿಕೊಂಡ ತಿರಗ್ಯಾಡಿದ್ಲು, ಒಂದ ಬಂಡಿಗಲ್ಲಿಂದು, ಒಂದ ಬಂಡಿಗಲ್ಲಿಂದು ಅಂತ. ನಾ ಅತಗೋತ ಕುಂತೆ. ನಿಮ್ಮಜ್ಜ ಬಂದ. ಅಲ್ಲೀತನ ಆ ಮನಷಾ ನನ್ನ ಕೂಡ ನೆಟ್ಟಗ ನಾಕ ಮಾತ ಆಡಿದ್ದಿಲ್ಲ. ಚೂರು ನೋಡಿದ, ನನ್ನ ನೋಡಿದ. ಆರಿಸಿ ಚೀಲಕ್ಕ ತುಂಬಿ ಹೊಲದ ಬಾವ್ಯಾಗ ಒಗದು ಬಂದ. ಇನ್ನೂ ಅಲ್ಲೇ ಅದಾವ."

"ಆಮ್ಯಾಲ?"

"ಕಲ್ಲಿಗೆ ಮುಳ್ಳು ಹೊಡಸಾಕ ಕೊಟ್ಟೀನಿ ಅಂತ ಅವರವ್ವಗ ಹೇಳಿದ. ಚಕ್ಕಡಿ ಹೂಡಿಕೊಂಡ ಇಲ್ಲಿಗೆ ಬಂದು, ತಯಾರಿದ್ದದ್ದನ್ನ ಒಂದು ಹೊಟ್ಟಿನ ಚೀಲದಾಗ ಮುಚ್ಚಿ ತಂದ. ಹೊಸಾ ಕಲ್ಲು ಹೊಸಾದ ಕಾಣತೈತಲ್ಲ? ಒಲಿ ಮಸಿ, ಶೇಂಗಾ ಎಣ್ಣಿ ಕಲಿಸಿ ದನದ ಮನ್ಯಾಗ ಕುಂತು ಮೂರ ದಿನ ತಿಕ್ಯಾನ. ನಮ್ಮತ್ತಿ ಸಾಯೂತನ ಅದರಾಗ ಬೀಸಿದ್ಲು. ಹಿಟ್ಟಿನ್ಯಾಗ ಏನೋ ಮಿಂಚತೈತಲ್ಲ ಅಂತಿದ್ಲು. ತವರ ಕಲ್ಲಿನ ಲಕ್ಷಣರಿ ಅತ್ತಿ ಅಂತಿದ್ದೆ."

ಆಯಿ ಕೆಳಗಿನ ಕಲ್ಲಿನ ಮೇಲೆ ಅಂಗೈ ಆಡಿಸಿದಳು. "ಈ ಮನ್ಯಾಗ ನನಗೊಬ್ಬ ಗಂಡ ಅದಾನ ಅಂತ ನನಗ ತಿಳದದ್ದು ಅವತ್ತು," ಎಂದಳು.

ನಾನು ಒಡೆದ ಮೇಲೆ ಅವಳು ಸಿಟ್ಟಾಗಿಯೇ ಇರಲಿಲ್ಲ. ಹೆದರಿದ್ದಳು. ಮುರಿದ ಮುಖ ಯಾರಾದರೂ ನೋಡಿದರೆ, ಕೆಳಗಿನದಕ್ಕೆ ಹೋಲಿಸಿದರೆ, ಇಷ್ಟು ವರ್ಷ ಮದುಮಕ್ಕಳ ಮುಂದೆ ಹೇಳಿದ ಮಾತೆಲ್ಲ ಏನಾದೀತು? ಅದರಲ್ಲೂ ಮನೆಯಲ್ಲೇ ಕಲ್ಲಿನ ಪಾಠ ಮಾಡುವ ಮೊಮ್ಮಗಳು. ಮಂಚದ ಕೆಳಗೆ ಗೋಣಿಚೀಲ ಹೊದ್ದು ಮಲಗಿದ್ದ ಆ ಎರಡು ಹೋಳುಗಳು ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ನಾನು ನಗುವುದನ್ನು ನೋಡಿ ಅವಳಿಗೂ ಬಂತು. ಕೆಮ್ಮು ಹತ್ತುವವರೆಗೆ ನಕ್ಕಳು. ನೀರು ತಂದ ಹುಲಿಗೆಪ್ಪ ತಂಬಿಗೆ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತ ನಿಂತ.

"ನಿಮ್ಮ ಅವ್ವಗ ಹೇಳಬ್ಯಾಡ. ನಿಮ್ಮಣ್ಣಗೂ ಬ್ಯಾಡ," ಎಂದಳು ಆಯಿ ಕಣ್ಣೊರೆಸಿಕೊಂಡು. "ನಾ ಇರೂತನ ಇದು ಒಂದ ಬಂಡಿಗಲ್ಲಿನ ಜೋಡಿ. ನಾ ಹೋದ ಮ್ಯಾಲೂ."

"ಹೇಳಂಗಿಲ್ಲ," ಎಂದೆ.

"ಮಾತು ಕೊಡು."

ಕೊಟ್ಟೆ. ಹುಲಿಗೆಪ್ಪನೂ ತಾನಾಗಿಯೇ ಕಿವಿ ಮುಟ್ಟಿಕೊಂಡ.

ಈಗ ಉಳಿದದ್ದು ಯಾವ ಕಲ್ಲು ಎಂಬುದು. ಹುಲಿಗೆಪ್ಪನ ಬಳಿ ಒಂದು ಗುಲಾಬಿ ಚುಕ್ಕಿ ಕಲ್ಲು ತಯಾರಿತ್ತು. ಇದನ್ನು ಹಾಕಿದರೆ ಸುಳ್ಳೂ ಸ್ವಲ್ಪ ನಿಜವಾಗುತ್ತದೆ, ಪದರ ಏಳುವ ಭಯವೂ ಇಲ್ಲ, ಹಿಟ್ಟಿಗೆ ಕಾಗೆಬಂಗಾರವೂ ಬೀಳುವುದಿಲ್ಲ ಎಂದು ನಾನು ನನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಒಂದು ಬೆಂಕಿಯಿಂದ ಬಂದದ್ದು, ಇನ್ನೊಂದು ಭಾರ ಹೊತ್ತು ರೂಪ ಬದಲಿಸಿದ್ದು, ಸಂಸಾರದಲ್ಲಿ ಗಂಡ ಹೆಂಡತಿಯೂ ಹಾಗೆಯೇ ಎಂದು ಇನ್ನೂ ಏನೋ ಶುರುಮಾಡಿದ್ದೆ. ಆಯಿ ನಡುವೆಯೇ ತಡೆದಳು.

"ಅದೆಲ್ಲಾ ನಿನ್ನ ಸಾಲ್ಯಾಗ ಹೇಳು. ನಿಮ್ಮಜ್ಜ ತಂದದ್ದು ಪಟ್ಟಿದು. ಪಟ್ಟಿದ ಹಾಕಪಾ ಹುಲಿಗೆಪ್ಪ. ಗಟ್ಟೀದು ನೋಡಿ ಹಾಕು."

ಹುಲಿಗೆಪ್ಪ ಪದರ ಬಿಗಿಯಾಗಿದ್ದ ಒಂದು ಪಟ್ಟಿ ಕಲ್ಲನ್ನು ತಟ್ಟಿ ತಟ್ಟಿ ಆರಿಸಿದ. ಗೂಟದ ತೂತಿನ ಅಂಚಿಗೆ ಅಪ್ಪ ಹಾಕುತ್ತಿದ್ದ ಕಚ್ಚನ್ನೇ ಹಾಕಿದ. ಎಂಟು ದಿನಕ್ಕೆ ಕಲ್ಲು ಮನೆಗೆ ಬಂತು. ತನ್ನ ತವರಿನ ಆ ಬಂಡೆಯದೇ ಇನ್ನೊಂದು ಹೋಳು ಹುಲಿಗೆಪ್ಪನ ಹತ್ತಿರ ಸಿಕ್ಕಿತೆಂದು ಆಯಿ ಅವ್ವನಿಗೂ ಅಣ್ಣನಿಗೂ ಹೇಳಿದಳು. ಆಮೇಲಿನ ಮೂರು ಸಂಜೆ ನಾನೂ ಆಯಿಯೂ ದನದ ಮನೆಯಲ್ಲಿ ಕುಳಿತು ಮಸಿ ಮತ್ತು ಶೇಂಗಾ ಎಣ್ಣೆ ಕಲಸಿ ಅದನ್ನು ತಿಕ್ಕಿದೆವು. ಕಲ್ಲಿಗೆ ಎಣ್ಣೆ ಕುಡಿಸಿದರೆ ಹಿಟ್ಟು ಅಂಟುವುದಿಲ್ಲ ಎಂದು ಅವ್ವನಿಗೆ ಹೇಳಿದ್ದೆ. ವಿಜ್ಞಾನದ ಟೀಚರ್ ಹೇಳಿದ್ದೆಂದು ಅವಳು ನಂಬಿದಳು. ಮದುವಣಗಿತ್ತಿಯ ಉಗುರೆಲ್ಲ ಕರ್ರಗೆ. ಆ ಮೂರು ಸಂಜೆ ಆಯಿ ಅಜ್ಜನ ಬಗ್ಗೆ ಆಡಿದಷ್ಟು ಮಾತನ್ನು ಅದಕ್ಕೂ ಮುಂಚೆ ನಾನು ಕೇಳಿರಲಿಲ್ಲ. ಅಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿದ ನೆನಪಿಲ್ಲ.

ಆ ಅಂಗೈಯಗಲದ ಚಕ್ಕೆಯನ್ನು ಶಾಲೆಗೆ ಒಯ್ಯಲು ಆಯಿಯೇ ಹೇಳಿದಳು, ಯಾರ ಮನೆಯದೆಂದು ಹೇಳಬಾರದೆಂಬ ಷರತ್ತಿನ ಮೇಲೆ. ಮನೆಯ ಕಲ್ಲಿನ ಚೂರು ಸಿಗಲಿಲ್ಲ, ಇದು ಬೇರೆಯದು ಎಂದು ಮಕ್ಕಳಿಗೆ ಹೇಳಿದೆ. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ, ಪಟ್ಟೆಯ ಗುಂಟ ಬೆರಳು ಎಳೆದು ನೋಡಿದರು. ತಮ್ಮ ಚುಕ್ಕಿ ಕಲ್ಲನ್ನು ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಆ ಪಾಠದ ಪ್ರಶ್ನೆಗೆ ಯಾರೂ ತಪ್ಪು ಬರೆಯಲಿಲ್ಲ. ಆ ಚಕ್ಕೆ ಇಂದಿಗೂ ಶಾಲೆಯ ಬೀರುವಿನಲ್ಲಿ ನೈಸ್ ಎಂಬ ಚೀಟಿ ಹಚ್ಚಿಕೊಂಡು ಕೂತಿದೆ.

ನನ್ನ ಅರಿಶಿಣದ ದಿನ ಆಯಿ ಎಲ್ಲರಿಗಿಂತ ಮೊದಲು ಬಂದು ಕಲ್ಲಿನ ಎದುರಿಗೆ ಕುಳಿತು, ತವರಿನ ಬಂಡೆಯ ಕತೆಯನ್ನು ಒಂದಕ್ಷರ ಬಿಡದೆ ಹೇಳಿದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನಾನೂ ತಲೆ ತಗ್ಗಿಸಿಕೊಂಡಿದ್ದೆ, ನಾಚಿಕೆಯೆಂದು ಹೆಂಗಸರು ತಿಳಿದರು.

ಕಳೆದ ವಾರ ಅದೇ ಅಂಗಳದಲ್ಲಿ ರೇಖಾಳ ಅರಿಶಿಣ. ಆಯಿಗೆ ಈಗ ಕಣ್ಣು ಮಂದ, ಮಾತು ಚುರುಕು. ಹುಲಿಗೆಪ್ಪನ ಸೊಸೆ ಮುಳ್ಳು ಹೊಡೆದು, ಹಳೆಯ ಮಸಿ ಬಿಡುವಂತೆ ಉಜ್ಜಿ ತೊಳೆದಿಟ್ಟ ಕಲ್ಲು ಆಗತಾನೇ ಅರ್ಧ ಒಣಗಿತ್ತು. ಆಯಿ ಕತೆ ಮುಗಿಸಿದಳು. ಹೆಂಗಸರು ಗೂಟ ಹಿಡಿಯಬೇಕು, ಅಷ್ಟರಲ್ಲಿ ರೇಖಾ ಬಗ್ಗಿ ಕಲ್ಲನ್ನೇ ನೋಡತೊಡಗಿದಳು. ಕೊಪ್ಪಳದ ಕಾಲೇಜಿನಲ್ಲಿ ಓದಿದ ಹುಡುಗಿ, ಕಣ್ಣು ಚುರುಕು.

"ಆಯಿ, ಮ್ಯಾಲಿಂದ್ರಾಗ ಗೆರಿ ಗೆರಿ ಅದಾವ. ಕೆಳಗಿಂದ್ರಾಗ ಚುಕ್ಕಿ ಅದಾವ. ಇವೆರಡೂ ಖರೇನ ಒಂದ ಬಂಡಿಗಲ್ಲಿನವಾ?"

ಐದು ಜನ ಮುತ್ತೈದೆಯರು ಬಗ್ಗಿ ನೋಡಿದರು. ಅವ್ವನೂ ಮುಂದೆ ಬಂದಳು. ಆಯಿ ಮೊರದಲ್ಲಿದ್ದ ಅರಿಶಿಣದ ಕೊಂಬುಗಳನ್ನು ಒಮ್ಮೆ ಕೈಯಾಡಿಸಿ, ಅವಸರವಿಲ್ಲದೆ ಹೇಳಿದಳು.

"ನನಗೇನ ಕಣ್ಣ ಕಾಣ್ತಾವ? ನಿಮ್ಮತ್ತಿ ಟೀಚರ್ ಅದಾಳಲ್ಲ, ಇದನ್ನ ಕಲಸೂದ ಆಕಿ ಕೆಲಸ. ಆಕಿನ್ನ ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಹನ್ನೆರಡು ವರ್ಷದಿಂದ ಅಗ್ನಿಶಿಲೆ ಯಾವುದು, ರೂಪಾಂತರ ಶಿಲೆ ಯಾವುದು ಎಂದು ಮಕ್ಕಳ ತಲೆಗೆ ತುಂಬಿದವಳು ನಾನು. ಕಲ್ಲಿನ ಮೇಲೆ ಅಂಗೈ ಇಟ್ಟೆ. ಮೇಲೆ ನೈಸ್, ಕೆಳಗೆ ಗ್ರಾನೈಟ್, ಎರಡೂ ತಣ್ಣಗಿದ್ದವು.

"ಒಂದ ಬಂಡಿಗಲ್ಲಿನವು," ಎಂದೆ.

"ಟೀಚರ್ ಹೇಳಿದ ಮ್ಯಾಲ ಮುಗೀತು," ಎಂದು ಆಯಿ ಮೊರವನ್ನು ಮುತ್ತೈದೆಯರ ಕಡೆ ಸರಿಸಿದಳು. "ಬೀಸ್ರಿ ಇನ್ನ."